ಬೀಗರ ಮುಂದೆ ಇಳಿಯದ ಗಾಳಿಬಂಡಿ

ಇಳಕಲ್,
ಕ್ರಿ.ಶ. ೨೧೬೮, ಕಾರ್ತೀಕ ಮಾಸ

ನಾನಿನ್ನೂ ಹುಟ್ಟದ ಕಾಲದ ನನ್ನ ಹಿರಿಯರಿಗೆ ನೀಲಾಂಬಿಕೆಯ ಶರಣು ಶರಣಾರ್ಥಿ.

ಮೇಲಿನ ಇಸವಿ ಓದಿ ಗಾಬರಿಯಾಗಬೇಡಿ. ನೀವು ಕೇಳದ ಪದಗಳು ಬಂದರೆ ಕ್ಷಮಿಸಿ. ಗಾಳಿಬಂಡಿ ಅಂಥದೊಂದು. ನಿಮ್ಮ ಆಂಬುಲೆನ್ಸಿನ ವಂಶದ್ದೇ, ಆದರೆ ಮಾಳಿಗೆಯ ಮೇಲೆ ಇಳಿಯುತ್ತದೆ. ರೋಗಿಯನ್ನು ಅದರೊಳಗೆ ಮಲಗಿಸಿದ ಕೂಡಲೇ ಬಾಗಲಕೋಟೆಯ ಡಾಕ್ಟರರಿಗೆ ಇಸಿಜಿ ಕಾಣುತ್ತದೆ. ಬಂಡಿ ಅಲ್ಲಿ ಮುಟ್ಟುವಷ್ಟರಲ್ಲಿ, ಮುಚ್ಚಿದ ರಕ್ತನಾಳ ತೆರೆಯುವವರು ಕೈ ತೊಳೆದು ನಿಂತಿರುತ್ತಾರೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಪಾಡು ನಮಗಿಲ್ಲ. ಇಷ್ಟೆಲ್ಲ ಇದ್ದೂ ನನ್ನ ಅಣ್ಣನನ್ನು ಕಳೆದುಕೊಂಡೆವು.

ಅಣ್ಣ ಸಂಗನಬಸವ ಮಲ್ಲಕಂಬ ಕಲಿಸುತ್ತಿದ್ದ. ಐವತ್ತು ದಾಟಿದರೂ ಕಂಬದ ತುದಿಯಲ್ಲಿ ಒಂಟಿಗಾಲಲ್ಲಿ ನಿಂತು ಮಕ್ಕಳನ್ನು ನಗಿಸುತ್ತಿದ್ದ. ಮಗಳು ಅನ್ನಪೂರ್ಣೆಯ ನಿಶ್ಚಯದ ದಿನ ಬೀಗರು ಪಡಸಾಲೆಯಲ್ಲಿ ಕುಳಿತಿದ್ದಾಗ ಅವನು ಅಡುಗೆಮನೆಗೆ ಬಂದು ಗೋಡೆಗೆ ಒರಗಿದನಂತೆ. ಅಂಗಿ ಬೆವರಿಗೆ ಮೈಗಂಟಿತ್ತು.

"ಏನಾತ್ರೀ? ಎದಿ ನೋಯಾಕತ್ತೈತೇನು? ಬಂಡಿ ಕರೀಲೇನು?" ಎಂದಳು ಅತ್ತಿಗೆ ಗೌರವ್ವ.

"ಸುಮ್ನಿರ, ಗ್ಯಾಸ್ ಆಗೈತಿ. ಬೀಗರ ಮುಂದ ಬಂಡಿ ಇಳಿಸಿದ್ರ, ಈ ಮನ್ಯಾಗ ರೋಗ ಐತಿ ಅಂದಾರು. ಅವರು ಉಂಡು ಹೋಗ್ಲಿ."

ಅತ್ತಿಗೆ ಜೀರಿಗೆ ನೀರು ಕೊಟ್ಟಳು. ಅಣ್ಣ ಮುಖ ತೊಳೆದು ಹೊರಬಂದು ತಾನೇ ಹೋಳಿಗೆ ಬಡಿಸಿದ. ಬೇಡವೆಂದು ಅಡ್ಡ ಹಿಡಿದ ಬೀಗರ ಕೈ ಸರಿಸಿ ತುಪ್ಪ ಸುರಿದ. ಕೊನೆಯ ಪಂಕ್ತಿ ಏಳುವಾಗ ಅಲ್ಲೇ ಕುಸಿದ.

ಕರೆದದ್ದೇ ತಡ, ಬಂಡಿ ಬಂತು. ಅವನನ್ನು ಎತ್ತಿ ಮಲಗಿಸಿದವರು ಬೀಗರೇ. ಅವರ ಕಣ್ಣು ತುಂಬಿತ್ತು. "ಮೊದಲ ಹೇಳಬಾರದಿತ್ತೇನ್ರಿ ಬೀಗ್ರ? ನನಗೂ ಹ್ವಾದ ವರ್ಷ ಹಿಂಗ ಆಗಿತ್ತು. ಆವತ್ತ ಬಂಡಿ ಕರಸಿದ್ದಕ್ಕ ಇವತ್ತ ನಿಮ್ಮ ಮನಿಗಿ ಬಂದೀನಿ."

ಡಾಕ್ಟರರು ರಕ್ತನಾಳ ತೆರೆದರು. ಆದರೆ ಹೃದಯದ ಬಹುಭಾಗ ಆ ಊಟದ ಹೊತ್ತಿನಲ್ಲೇ ಸತ್ತಿತ್ತು. ಮಗಳ ಮದುವೆಯಲ್ಲಿ ಅಣ್ಣ ಕುರ್ಚಿಯಲ್ಲಿ ಕುಳಿತೇ ಅಕ್ಷತೆ ಹಾಕಿದ. ಮಲ್ಲಕಂಬದ ಮಕ್ಕಳು ನೋಡಲು ಬಂದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ಶ್ರಾವಣ ಹುಟ್ಟುವ ಮೊದಲೇ ಹೋದ.

ಹಿರಿಯರೇ, ಎದೆನೋವನ್ನು ಗ್ಯಾಸ್ ಎನ್ನುವುದು, ಮಂದಿ ಏನಂದಾರು ಎಂದು ಹಲ್ಲು ಕಚ್ಚುವುದು, ಇವು ನಿಮ್ಮ ಮನೆಗಳಿಂದಲೇ ನಮ್ಮವರೆಗೆ ನಡೆದು ಬಂದಿವೆ. ನಿಮ್ಮಲ್ಲಿ ಗಾಳಿಬಂಡಿ ಇಲ್ಲದಿದ್ದರೂ ತಗ್ಗುದಿಣ್ಣೆಯ ರಸ್ತೆಯಲ್ಲಿ ಓಡಿ ಬರುವ ಆಂಬುಲೆನ್ಸ್ ಇದೆ. ಬೀಗರು ಉಣ್ಣುತ್ತಿದ್ದರೂ ಕರೆಯಿರಿ. ಮಕ್ಕಳ ಕಣ್ಣೆದುರೇ ಕರೆಯಿರಿ, ನೋಡಿ ಕಲಿಯಲಿ.

ಅಣ್ಣನ ಪಾಲಿಗೆ ನನ್ನ ಈ ಬೇಡಿಕೆ ತಡವಾಯಿತು. ಅನ್ನಪೂರ್ಣೆ ಈಗ ತುಂಬು ಬಸುರಿ. ಅವಳ ಕೂಸಿನ ಕಾಲಕ್ಕಾದರೂ ನಿಮ್ಮ ಕಲಿಕೆ ಬಂದು ಮುಟ್ಟಲಿ.

ನಿಮ್ಮ ಮನೆಯ ಮಗಳು,
ನೀಲಾಂಬಿಕೆ