ನೀಲಕ್ಕನ ಡಬ್ಬಿ ಮತ್ತು ‘ದೋರೆಯಾನ್’

೧೪ ನವೆಂಬರ್ ೨೦೨೫, ಶುಕ್ರವಾರ. ದಾಂಡೇಲಿ.

ಬರುವ ಭಾನುವಾರ ಚರ್ಚಿನಲ್ಲಿ ನಾನು ಮಾಡಬೇಕಾದ ಪ್ರಸಂಗದ ಒಂದೇ ಗ್ರೀಕ್ ಪದ ವಾರವಿಡೀ ಕಾಡಿತು: ‘ದೋರೆಯಾನ್’. ನೀವು ‘ದೋರೆಯಾನ್’ ಪಡೆದಿದ್ದೀರಿ, ‘ದೋರೆಯಾನ್’ ಕೊಡಿ ಎಂದು ಯೇಸು ಶಿಷ್ಯರಿಗೆ ಹೇಳುವ ಕಡೆ ಬರುತ್ತದೆ. ಕಾಣಿಕೆಯ ಹಾಗೆ, ಬದಲಿಗೇನೂ ಬಯಸದೆ ಎನ್ನುತ್ತದೆ ನಿಘಂಟು. ನಮ್ಮ ಕನ್ನಡ ಬೈಬಲಿನಲ್ಲಿ ಅದಕ್ಕಿರುವ ‘ಉಚಿತವಾಗಿ’ ಎಂಬ ಪದ ಓದಿದರೆ ನನಗೆ ಬಸ್ ಟಿಕೆಟ್ಟೇ ನೆನಪಾಗುತ್ತದೆ. ‘ಪುಕ್ಕಟೆ’ ಎಂದರಂತೂ ಬೆಲೆಯೇ ಹೋಯಿತು.

ಬೆಳಿಗ್ಗೆ ಪಕ್ಕದ ಮನೆಯ ನೀಲಕ್ಕ ಬಂದಳು. ಅವಳು ಶೇಂಗಾ ಹೋಳಿಗೆ ಕೊಟ್ಟಿದ್ದ ಡಬ್ಬಿ ಎಂಟು ದಿನದಿಂದ ನನ್ನಲ್ಲೇ ಇತ್ತು. ಖಾಲಿ ಡಬ್ಬಿ ಮರಳಿಸಬಾರದು. ತುಂಬಿಸೋಣವೆಂದರೆ ನನಗೆ ಅಡುಗೆ ಬಾರದು.

“ಪಾಸ್ಟರ್ರ, ನಮ್ಮನಿಯವ್ರು ಮಿಲ್ಲಿಗೆ ರೊಟ್ಟಿ ಅರಿವ್ಯಾಗ ಕಟ್ಟಿಕೊಂಡ ಹೋಗಾಕತ್ತಾರ. ಡಬ್ಬಿ ಕೊಡ್ರಿ!”

ನನ್ನ ಕೈ ಸಕ್ಕರೆಯ ಕಡೆಗೆ ಹೋಯಿತು.

“ಏನೂ ಹಾಕಬ್ಯಾಡ್ರಿ. ನೀವು ತಿಂದ್ರಿ, ನನಗ ಖುಷಿ ಆತು, ಅಷ್ಟ!” ಎಂದವಳೇ ಡಬ್ಬಿ ಕಸಿದುಕೊಂಡು ನಗುತ್ತ ಹೋದಳು.

ನಿಘಂಟು ಮುಚ್ಚಿಟ್ಟೆ. ಭಾನುವಾರ ಈ ಡಬ್ಬಿಯ ಕತೆಯನ್ನೇ ಹೇಳುತ್ತೇನೆ, ಜನ ನಕ್ಕರೆ ನಗಲಿ.

ಸಂಜೆ ಮತ್ತೆ ಹೋಳಿಗೆ ಬಂತು. ಈ ಸಲ ಬಾಳೆಲೆಯಲ್ಲಿ ಸುತ್ತಿ ಕಳಿಸಿದ್ದಾಳೆ. ಮರಳಿಸಲು ಪಾತ್ರೆಯೇ ಇಲ್ಲ! ಇನ್ನೂ ಎರಡು ಉಳಿದಿವೆ, ಪೆನ್ನಿಗೆಲ್ಲ ತುಪ್ಪ...