ಇನ್ನೊಂದು ಫಲಕ ಬೇಡ

ಪ್ರಾಂಶುಪಾಲರಿಗೆ ನಮಸ್ಕಾರ ಸರ್,

ಮದುವೆ ರಜೆ ಮುಗಿಸಿ ಕುಣಿಯುತ್ತಾ ಬಂದವಳನ್ನು ನೀವು ನೇರ ದಾನಿಗಳ ಮನೆಗಳಿಗೆ ಅಟ್ಟಿದಿರಿ. ಈಗ ಕುಣಿಯಲು ಕಾಲಲ್ಲಿ ಶಕ್ತಿಯಿಲ್ಲ.

ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಓದಿಸುತ್ತಿರುವ ನಿವೃತ್ತ ನರ್ಸಮ್ಮ ಮುಂದಿನ ವರ್ಷದಿಂದ ನೆರವು ನಿಲ್ಲಿಸುತ್ತಾರಂತೆ. ವರ್ಷಾ ವರ್ಷಾ ಕೊಡುವ ಸನ್ಮಾನದ ಫಲಕ ಈ ಸಲ ಇನ್ನೂ ದೊಡ್ಡದು ಮಾಡಿಸುತ್ತೇವೆ ಎಂದೆ.

"ಇರೋದನ್ನ ಒರೆಸೋಕೇ ಸೊಂಟ ಬಿದ್ದುಹೋಯ್ತು ಕಣಮ್ಮಾ! ಆ ಹುಡುಗೀನ ಸ್ಟೇಜ್ ಮೇಲೆ ಬಿಟ್ರೆ ಎಲ್ಲೂ ನೋಡಿಲ್ಲ. ಒಂದಿನ ಊಟಕ್ಕೆ ಕಳಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದರು.

ವಿದ್ಯಾರ್ಥಿಗಳು ದಾನಿಗಳ ಮನೆಗೆ ಹೋಗಬಾರದೆಂಬುದು ನಿಮ್ಮದೇ ನಿಯಮ, ಗೊತ್ತು. ಆದರೂ ಭಾನುವಾರ ಕರೆತರುತ್ತೇನೆಂದು ಮಾತು ಕೊಟ್ಟೆ. ದಯವಿಟ್ಟು ಒಪ್ಪಿಗೆ ಕೊಡಿ, ಫಲಕದ ಆರ್ಡರ್ ನಿಲ್ಲಿಸಿ.

ನಮ್ಮವರೂ ಬರುತ್ತಾರೆ. (ಹಾಗೆ ಬರೆಯುವುದೇ ಎಷ್ಟು ಚೆಂದ, ಸರ್!) ಮದುವೆ ರಜೆ ಮುಗಿದ ಮೇಲೆ ನಮಗಿಬ್ಬರಿಗೂ ಒಟ್ಟಿಗೆ ಸಿಗುವ ಮೊದಲ ಭಾನುವಾರ ಅದು.

ಸುಸ್ತಾಗಿರುವ, ನಿಮ್ಮ
ದಾನಿ ಸಂಪರ್ಕಾಧಿಕಾರಿ