ಬಂದೂಕಿನ ಮೂತಿ ಮತ್ತು ನಮ್ಮ ಮನೆಯ ಕಿವಿಗಳು

ಬಂದೂಕು ವಿನ್ಯಾಸ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ಒಪ್ಪಿಗೆ ಕೊಟ್ಟ ಹೊಸ ಬಂದೂಕು ಶತ್ರುವಿಗೆ ಏನು ಮಾಡುತ್ತದೋ ತಿಳಿಯದು, ನನ್ನ ಗಂಡನ ಎಡಗಿವಿಯನ್ನಂತೂ ಮುಗಿಸಿದೆ. ಅವರು ತರಬೇತಿ ಮೈದಾನದಲ್ಲಿ ಗುಂಡು ಹಾರಿಸುವುದನ್ನು ಕಲಿಸುವವರು. ಈಗ ನಮ್ಮ ಮನೆಯಲ್ಲಿ ಗುಟ್ಟು ಎಂಬುದೇ ಉಳಿದಿಲ್ಲ. ನಾನು ಕೂಗಿ ಹೇಳುವ ಸಂಸಾರದ ಕಷ್ಟಸುಖಕ್ಕೆ ಎದುರುಮನೆಯವರು ಕಿಟಕಿಯಿಂದಲೇ ಸಲಹೆ ಕೊಡುತ್ತಾರೆ. ಅವರ ಟಿವಿ ಕೆಟ್ಟು ಎಷ್ಟೋ ದಿನವಾಯಿತು, ರಿಪೇರಿ ಮಾಡಿಸುವ ಯೋಚನೆಯೇ ಇಲ್ಲ. ನಾವಿದ್ದೇವಲ್ಲ!

ಬಂದೂಕಿನ ಮೂತಿಗೆ ತೂತುಗಳಿರುವ ಹೊಸ ತುದಿಯೊಂದನ್ನು ಸೇರಿಸಿದಿರಿ. ಭುಜಕ್ಕೆ ಬೀಳುವ ಹೊಡೆತ ಕಡಿಮೆಯಾಯಿತು, ಸಂತೋಷ. ಆದರೆ ಆ ತೂತುಗಳು ಹಿಂದಕ್ಕೆ ವಾಲಿವೆ. ಮುಂದೆ ಹೋಗಬೇಕಾದ ಸದ್ದು ಹಾರಿಸುವವರ, ಪಕ್ಕದಲ್ಲಿ ನಿಂತು ಕಲಿಸುವವರ ಕಿವಿಗೇ ಬಂದು ಬಡಿಯುತ್ತದೆ. ಪರೀಕ್ಷೆಯಲ್ಲಿ ಇದು ಗೊತ್ತಾಗಲಿಲ್ಲವೇ? ಹೇಗೆ ಗೊತ್ತಾಗಬೇಕು! ಸದ್ದು ಅಳೆಯುವ ಯಂತ್ರವನ್ನು ನೀವು ಇಟ್ಟಿದ್ದು ಗಾಜಿನ ಕೋಣೆಯೊಳಗೆ, ನಿಮ್ಮ ಚಹಾ ಲೋಟದ ಪಕ್ಕ. ಬಿಸಿಲಿಗೆ ಯಂತ್ರ ಕೆಡಬಾರದಂತೆ. ಚಹಾ ಲೋಟದ ಶ್ರವಣಶಕ್ತಿಗೆ ಯಾವುದೇ ಧಕ್ಕೆಯಾಗಿಲ್ಲ ಎಂಬುದನ್ನು ನಿಮ್ಮ ವರದಿ ನಿಸ್ಸಂದೇಹವಾಗಿ ಸಾಬೀತುಪಡಿಸಿದೆ.

‘ಕಿವಿಮುಚ್ಚಳ ಕೊಟ್ಟಿದ್ದೇವಲ್ಲ’ ಎನ್ನುತ್ತೀರಿ. ಕೊಟ್ಟಿದ್ದೀರಿ, ಇಲ್ಲವೆಂದವರು ಯಾರು? ಆದರೆ ಕಲಿಯುವವರಿರುವ ಎಡಗಡೆಯ ಮುಚ್ಚಳವನ್ನು ಮೇಲೆತ್ತಿಟ್ಟುಕೊಳ್ಳುವುದು ಅಲ್ಲಿ ಕಲಿಸುವವರೆಲ್ಲರ ರೂಢಿ. ಇದೆಂಥ ಹುಚ್ಚು ಎಂದು ಗಂಡನಿಗೆ ಬೈದೆ.

“ಎರಡೂ ಮುಚ್ಕೊಂಡ್ರೆ, ಬಂದೂಕಲ್ಲಿ ಗುಂಡು ಸಿಕ್ಕಾಕ್ಕೊಂಡಿದೆ ಅಂತ ಯಾರಾದ್ರೂ ಕೂಗಿದ್ರೆ ನಂಗೆ ಹೇಗ್ ಕೇಳ್ಸುತ್ತೆ? ಬಂದೂಕು ಹಿಡ್ಕೊಂಡೇ ನನ್ ಕಡೆ ತಿರುಗಿಬಿಟ್ರೆ? ಕಿವಿ ಹೋದ್ರೂ ತಲೆ ಉಳೀಬೇಕಲ್ವೇನೇ!”

ಇದಕ್ಕೆ ನಾನೇನು ಹೇಳಲಿ? ನೀವೇ ಹೇಳಿ. ಸ್ವಲ್ಪ ಜೋರಾಗಿ ಹೇಳಿ.

ಈಗ ನಮ್ಮ ಮಗಳೂ ಅದೇ ಮೈದಾನದಲ್ಲಿ ಕಲಿಸುವ ಕೆಲಸಕ್ಕೆ ಸೇರಿದ್ದಾಳೆ. ಅಪ್ಪನೇ ಗುರು, ಹಾಗಾಗಿ ಅವಳೂ ಎಡಗಿವಿ ತೆರೆದಿಡುತ್ತಾಳೆ. “ಒಳಗೆ ಯಾವಾಗ್ಲೂ ಕುಂಯ್ ಅಂತಿರುತ್ತಮ್ಮಾ, ಎಲ್ರಿಗೂ ಹಾಗೇ ಅಂತೆ” ಎಂದು ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಮೊನ್ನೆ ಅಡುಗೆಮನೆಯಿಂದ ಊಟಕ್ಕೆ ಕರೆದೆ. ಅಪ್ಪ ತಿರುಗಲಿಲ್ಲ, ಅದು ಹಳೆಯ ಮಾತು. ಮಗಳೂ ತಿರುಗಲಿಲ್ಲ.

ಆ ತುದಿಯನ್ನು ಕಿತ್ತುಹಾಕಿ. ಸದ್ದನ್ನು ಬಂದೂಕಿನಲ್ಲೇ ಅಡಗಿಸುವಂಥದ್ದೊಂದನ್ನು ಮಾಡಿಸಿ, ಹಾರಿಸುವವರ ಕಿವಿಯ ಬಳಿ ಅಳೆಯಿರಿ. ಅದಕ್ಕೆ ತಾಂತ್ರಿಕ ತೊಂದರೆಗಳಿವೆ ಎನ್ನುವುದಾದರೆ ನನಗೆ ಉತ್ತರ ಬರೆಯುವ ಶ್ರಮ ಬೇಡ. ಬಂದು ನನ್ನ ಮಗಳಿಗೇ ಹೇಳಿ. ಬಲಗಡೆ ನಿಂತು ಹೇಳಿ, ಆ ಕಿವಿ ಇನ್ನೂ ಇದೆ.

ಇಂತಿ,
ಕೂಗಿ ಕೂಗಿ ಗಂಟಲು ಕಟ್ಟಿ, ಕೊನೆಗೆ ಕಾಗದಕ್ಕೆ ಇಳಿದಿರುವ
ಒಬ್ಬಳು ತಾಯಿ